ಗೊರಕೆ ಕಳವು ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರು ಓದಿ ಇನ್‌ಸ್ಪೆಕ್ಟರ್‌ಗೆ ತಲೆ ಚಿಟ್ಟು ಹಿಡಿಯಿತು. ದೂರುದಾರ ರಾತ್ರಿ ಬಸ್ಸಿನ ಡ್ರೈವರ್. ಅವನು ಮಲಗಿದಾಗ ಕೈಗಡಿಯಾರ ದಾಖಲಿಸಿದ ಮಾಹಿತಿಯನ್ನು, ಗೊರಕೆ ಸಮೇತ, ಯಾರೋ ಇಂಥದ್ದರ ವ್ಯಾಪಾರ ನಡೆಸುವ ಆಪ್‌ನಲ್ಲಿ ಮಾರಿದ್ದರು. ಕೊಂಡಿದ್ದು ಬೇರೆ ಯಾರೂ ಅಲ್ಲ, ಅವನದೇ ಬಸ್ ಕಂಪನಿ. ಇವನ ಉಸಿರು ನಿದ್ದೆಯಲ್ಲಿ ನಿಂತು ನಿಂತು ಬರುತ್ತದೆ, ಇಂಥವನು ಬಸ್ ಓಡಿಸುವಾಗಲೂ ತೂಕಡಿಸುತ್ತಾನೆ ಎಂದು ಕಂಪನಿ ಅವನನ್ನು ಕೆಲಸದಿಂದ ಇಳಿಸಿ ಮನೆಗೆ ಕಳಿಸಿತ್ತು.

"ನಾನು ಗೊರಕೆ ಹೊಡೆಯೋದೇ ಇಲ್ಲ ಸಾರ್," ಎಂದ ಡ್ರೈವರ್.

"ಹಾಗಾದ್ರೆ ಕಳುವಾಗಿದ್ದು ಯಾರದ್ದು?"

ಡ್ರೈವರ್ ಸ್ವಲ್ಪ ಯೋಚಿಸಿ, ನಂದೇ ಅಂತ ಬರ್ಕೊಳ್ಳಿ ಎಂದ.

ಬರೆದುಕೊಳ್ಳುವುದೇನು ಸುಲಭವೇ? ಎಫ್‌ಐಆರ್‌ನಲ್ಲಿ ಕಳುವಾದ ಸ್ವತ್ತಿನ ವಿವರ ತುಂಬಬೇಕು. ಠಾಣೆಯ ರೈಟರ್ ಪೆನ್ನು ಹಿಡಿದು, ಗುರುತು ಏನಂತ ಬರೀಲಿ ಸಾರ್ ಎಂದು ಕೇಳಿ ಬೈಸಿಕೊಂಡ. ಕೊನೆಗೆ ಅಲ್ಲೊಂದು ಗೆರೆ ಎಳೆದು ಕೇಸು ದಾಖಲಿಸಿದ್ದಾಯಿತು.

ಆಪ್‌ನವರನ್ನು ಹಿಡಿಯುವಷ್ಟರಲ್ಲಿ ಸಾಕುಬೇಕಾಯಿತು. ಫೋನ್ ಮಾಡಿದರೆ ಯಂತ್ರ ಮಾತಾಡುತ್ತಿತ್ತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒತ್ತಿಸಿಕೊಂಡು, ನಮ್ಮ ಸೇವೆ ಹೇಗಿತ್ತು ಎಂದು ಕೊನೆಗೆ ಕೇಳಿತು. ಇನ್‌ಸ್ಪೆಕ್ಟರ್ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ನೋಟಿಸ್ ಹೋದ ಮೇಲೆ ಗುರುವಾರ ಪತ್ರ ಬಂತು: ಮಾಹಿತಿಯ ಮಾಲೀಕರೇ ಫೋನಿಗೆ ಹೆಬ್ಬೆರಳು ಒತ್ತಿ ಒಪ್ಪಿಗೆ ಕೊಟ್ಟಿದ್ದಾರೆ, ಕೊಳ್ಳುವ ಕಂಪನಿಯನ್ನೂ ಅವರೇ ಆರಿಸಿದ್ದಾರೆ, ಸಮಯ ಮಧ್ಯಾಹ್ನ ಮೂರು ಹತ್ತು.

ನೀನೇ ಮಾರಿ ನೀನೇ ದೂರು ಕೊಡ್ತೀಯೇನಯ್ಯ ಎಂದು ಇನ್‌ಸ್ಪೆಕ್ಟರ್ ಡ್ರೈವರ್ ಮೇಲೆ ರೇಗಿದರು. ಅವನು ಆಣೆ ಮೇಲೆ ಆಣೆ ಇಟ್ಟ. ಮಹಿಳಾ ಪೇದೆ ಅವನ ಗಡಿಯಾರದ ದಾಖಲೆ ತೆಗೆದು ತೋರಿಸಿದಳು. ಮೂರು ಹತ್ತಕ್ಕೆ ಅವನು ಗಾಢ ನಿದ್ದೆಯಲ್ಲಿದ್ದ. ನಿದ್ದೆ ಹೋದವನ ಹೆಬ್ಬೆರಳು ತಾನಾಗಿ ಎದ್ದು ಹೋಗಿ ಫೋನ್ ಒತ್ತುವುದಿಲ್ಲವಲ್ಲ.

ಪಂಚನಾಮೆಗೆ ಮನೆಗೆ ಹೋದರು. ಮಲಗುವ ಕೋಣೆಯ ಕಿಟಕಿಗೆ ಹಗಲು ಒಳಬಾರದಂತೆ ದಪ್ಪ ಪರದೆ. ಮಂಚಕ್ಕೆ ತಾಗಿಸಿ ಒಂದು ಕುರ್ಚಿ, ಅದರ ಮೇಲೆ ಅರ್ಧ ಹೊಲಿದ ರವಿಕೆ. ಡ್ರೈವರನ ಹೆಂಡತಿ ಟೈಲರ್. ಹೊಲಿಗೆ ಮಿಷನ್ ಆಚೆ ಕೋಣೆಯಲ್ಲಿರುವಾಗ ಇಲ್ಲಿ ಕುರ್ಚಿ ಯಾಕಮ್ಮ ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಇವರು ಮಲಗಿದಾಗ ಕೂತು ನೋಡ್ಕೋತೀನಿ."

"ಏನನ್ನ?"

"ಉಸಿರನ್ನ." ಮುಂದಿನ ಪ್ರಶ್ನೆಗೆ ಅವಳು ಕಾಯಲಿಲ್ಲ. "ಬೆರಳು ಒತ್ತಿಸಿದ್ದು ನಾನೇ ಸಾರ್."

ಇನ್‌ಸ್ಪೆಕ್ಟರ್‌ಗೆ ಸಿಟ್ಟು ನೆತ್ತಿಗೇರಿತು. ಇಷ್ಟಕ್ಕೆ ಇಡೀ ಠಾಣೆಯನ್ನು ಕುಣಿಸಬೇಕಿತ್ತೇ, ಗಂಡನಿಗೆ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ಗದರಿದರು.

"ಹೇಳಿ ಹೇಳಿ ಸಾಕಾಯ್ತು. ನಿಂಗೆ ಭ್ರಮೆ ಅಂದ್ರು. ಡಾಕ್ಟರ್ ಅಂದ್ರೆ ಎದ್ದು ಹೋಗ್ತಾರೆ. ಡಿಪೋಗೆ ಹೋಗಿ ಗೋಳಾಡಿದೆ, ಅಲ್ಲಿಯೋರು ಗಂಡಹೆಂಡತಿ ಜಗಳ ಮನೇಲಿಟ್ಕೊಳ್ಳಿ ಅಂದ್ರು. ಆ ಬಸ್ಸಲ್ಲಿ ಇವರನ್ನ ನಂಬಿ ನಲವತ್ತು ಜನ ಮಲಗಿರ್ತಾರೆ ಸಾರ್. ನಾನು ಹೇಳಿದ್ದನ್ನ ಯಾರೂ ನಂಬಲಿಲ್ಲ. ಗಡಿಯಾರ ಹೇಳಿದ್ದನ್ನ ಒಂದೇ ದಿನಕ್ಕೆ ನಂಬಿದ್ರು."

ಪುಕ್ಕಟೆ ಕೊಡೋಣವೆಂದರೆ ಆಪ್ ಬಿಡಲಿಲ್ಲವಂತೆ, ಅದಕ್ಕೇ ಮಾರಿದ್ದು.

ಕಾನೂನಿಗೆ ಇದೆಲ್ಲ ಬೇಕಿಲ್ಲ. ಮಧ್ಯಾಹ್ನ ಎರಡಕ್ಕೆ ಬಂಧನ ದಾಖಲಾಯಿತು. ಜಾಮೀನಿಗೆ ಸಹಿ ಹಾಕಲು ಅವಳಿಗಿದ್ದವನು ಗಂಡನೊಬ್ಬನೇ. ಅವನೋ, ಅನ್ನಕ್ಕೇ ಕಲ್ಲು ಹಾಕಿದಳು, ಸಹಿ ಹಾಕಲ್ಲ ಎಂದು ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತ. ಇನ್‌ಸ್ಪೆಕ್ಟರ್ ಇಬ್ಬರಿಗೂ ಬೈದು ಬೈದು ಸುಸ್ತಾದರು.

ಸ್ವಲ್ಪ ಹೊತ್ತಿಗೆ ಬೆಂಚಿನಿಂದ ಗೊರಕೆ ಶುರುವಾಯಿತು. ಅಬ್ಬಬ್ಬಾ, ಅದೇನು ಗೊರಕೆ! ಲಾಕಪ್‌ನಲ್ಲಿದ್ದ ಜೇಬುಗಳ್ಳನೂ ನಕ್ಕ. ಸ್ವತ್ತು ಸಿಕ್ಕಿತು ಸಾರ್ ಎಂದ ರೈಟರ್.

"ಈಗ ನಿಲ್ಲುತ್ತೆ," ಎಂದಳು ಹೆಂಡತಿ.

ನಿಂತಿತು. ನಗುತ್ತಿದ್ದವರು ನಗು ಮರೆತರು. ಡ್ರೈವರನ ಎದೆ ಏಳಲಿಲ್ಲ. ತುಟಿಯ ಬಣ್ಣ ಕಂದುತ್ತಾ ಬಂತು. ಇನ್‌ಸ್ಪೆಕ್ಟರ್ ಕುರ್ಚಿ ತಳ್ಳಿ ಎದ್ದು ಓಡಿದರು. ಅವರು ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಡ್ರೈವರ್ ನೀರಿನಲ್ಲಿ ಮುಳುಗಿ ಎದ್ದವನ ಹಾಗೆ ಉಸಿರೆಳೆದುಕೊಂಡು ಕಣ್ಣುಬಿಟ್ಟ. ಯಾಕೆ ಎಲ್ಲರೂ ಹೀಗೆ ನನ್ನನ್ನೇ ನೋಡ್ತಿದ್ದೀರಿ ಎಂದು ಕೇಳಿದ.

ಇನ್‌ಸ್ಪೆಕ್ಟರ್ ಜಾಮೀನು ಪತ್ರ ಮುಂದೆ ಹಿಡಿದರು. ಈ ಸಲ ಅವರು ಗದರಲಿಲ್ಲ. "ಸಹಿ ಹಾಕಯ್ಯ. ಆಮೇಲೆ ಜೀಪು ಹತ್ತು, ಆಸ್ಪತ್ರೆಗೆ."

ಬಂಧಿಸಿದಾಗಲೂ ಅಳದಿದ್ದ ಹೆಂಡತಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಅವಳೊಬ್ಬಳೇ ನೋಡಿದ್ದನ್ನು ಇವತ್ತು ಠಾಣೆಯೆಲ್ಲ ನೋಡಿತ್ತು.