ಗಾಳಿ ಕುಡಿದ ಸುಣ್ಣ

1984ರ ಡಿಸೆಂಬರ್ ಹದಿನಾಲ್ಕು, ಶುಕ್ರವಾರ. ಅಂದು ಬೆಳಗ್ಗೆ ಗೌಡಗೆರೆಯ ಸುತ್ತ ಎಂಥ ಮಂಜೆಂದರೆ, ಠಾಣೆಯ ಮುಂದಿನ ಬೇವಿನಮರ ಕಾಣದಿದ್ದರೂ ಇದೆಯೆಂದು ನಂಬಬೇಕಿತ್ತು, ದೇವರನ್ನು ನಂಬಿದ ಹಾಗೆ. ಸಬ್ ಇನ್‌ಸ್ಪೆಕ್ಟರ್ ಕದಿರಯ್ಯ ನರಸಿಂಹಸ್ವಾಮಿಯ ಪಟಕ್ಕೆ ಕೈಮುಗಿದು ಕೂರುವಷ್ಟರಲ್ಲಿ ಕಲ್ಲುಕುಂಟೆಯ ಗೋಬರ್ ಗ್ಯಾಸ್ ಸಂಘದ ಅಧ್ಯಕ್ಷ ವೃಷಭೇಂದ್ರಪ್ಪ ಒಳಗೆ ಬಂದರು.

"ಗ್ಯಾಸು ಕಳುವಾಗ್ತಿದೆ ಸಾರ್. ಎಂಟು ದಿನದಿಂದ ಒಲೆ ಸರಿಯಾಗಿ ಉರೀತಿಲ್ಲ."

ಮುಖ್ಯಪೇದೆ ದೊಡ್ಡರಂಗಪ್ಪ ಪೆನ್ನು ನಿಲ್ಲಿಸಿದ. "ಗಾಳೀನ ಗೋಣಿಚೀಲದಾಗೆ ಕಟ್ಕೊಂಡು ಹೋದ್ರಾ ಸ್ವಾಮಿ?"

"ನಗಬೇಡ ಕಣಯ್ಯ. ಸೋಮವಾರ ಇಂಜಿನಿಯರ್ ಬರ್ತಾರೆ. ಉರಿ ಚೆನ್ನಾಗಿ ಬಂದರೆ ಮಾತ್ರ ಉಳಿದ ಮನೆಗಳಿಗೂ ಪೈಪು."

8.40ಕ್ಕೆ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಪೊಲೀಸರು ಕಲ್ಲುಕುಂಟೆಯಲ್ಲಿದ್ದರು. ಅಧ್ಯಕ್ಷರ ಅಡುಗೆಮನೆಯಲ್ಲಿ ಎರಡು ಗ್ಯಾಸಿನ ಒಲೆಗಳಿದ್ದವು. ಒಂದರ ಮೇಲೆ ಹಾಲು, ಬದಿಗೆಲ್ಲ ಹಾಲುಕ್ಕಿದ ಕಲೆ; ಇನ್ನೊಂದರ ಮೇಲೆ ಸ್ನಾನದ ನೀರು. ಎರಡರಲ್ಲೂ ಉರಿ ಸಾಯುವ ಹುಳದಂತೆ ಮಿಣುಗುತ್ತಿತ್ತು.

ಗ್ಯಾಸ್ ಸ್ಥಾವರದ ಬಳಿ ಅದನ್ನು ನೋಡಿಕೊಳ್ಳುವ ಹುಚ್ಚಣ್ಣ ತಾನು ಕಲಿತದ್ದನ್ನು ಒಪ್ಪಿಸಿದ. "ಗ್ಯಾಸಿನಾಗೆ ಇಂಗಾಲದ ಗಾಳಿ ಬೆರ್ತಿರ್ತದೆ ಸಾ. ಅದು ಉರಿ ಆರಿಸ್ತದೆ. ಈ ಡ್ರಮ್ಮಿನ ಸುಣ್ಣದ ನೀರಾಗೆ ಹಾಯಿಸಿದ್ರೆ ಸುಣ್ಣ ಅದನ್ನ ಕುಡ್ಕೊಂಡು ತಳ ಸೇರ್ತದೆ. ಒಳ್ಳೆ ಗ್ಯಾಸು ಮುಂದಕ್ಕೆ ಹೋಯ್ತದೆ."

ಪೈಪಿನ ಗುಂಟ ನಡೆದರು. ಎಲ್ಲೂ ತೂತಿರಲಿಲ್ಲ. ಪೈಪು ಮುಗಿದಲ್ಲಿಂದ ನಾಲ್ಕು ಮಾರು ಆಚೆ ಒಂದು ಮನೆ. ಅದರ ಬಾಗಿಲಲ್ಲಿ ಹೊಗೆ. ಹೊಗೆಯೊಳಗಿಂದ ಕಣ್ಣೊರೆಸಿಕೊಳ್ಳುತ್ತ ಹುಚ್ಚಣ್ಣನ ಅಕ್ಕ ಕರಿಯಕ್ಕ ಬಂದಳು. ಬಲಗೈಗೆ ಬಟ್ಟೆ ಸುತ್ತಿತ್ತು.

"ಸ್ಥಾವರಕ್ಕೆ ಸಗಣಿ ಕೊಡ್ತೀಯೇನಮ್ಮ?" ಎಂದ ಕದಿರಯ್ಯ.

"ದಿನಾ ಎರಡು ಮಂಕ್ರಿ ಸಾಮಿ."

"ಗ್ಯಾಸಿನ ಒಲೆ?"

"ಬಂದೈತೆ. ಅಧ್ಯಕ್ಷರ ಮನ್ಯಾಗೈತೆ. ಪೈಪು ಬಂದ್ಮ್ಯಾಲೆ ಕೊಡ್ತೀವಿ ಅಂದವ್ರೆ."

ವೃಷಭೇಂದ್ರಪ್ಪ ಆಕಾಶ ನೋಡಿದರು.

ಕದಿರಯ್ಯ ನೀರು ಕುಡಿಯುವ ನೆಪದಲ್ಲಿ ಒಳಗೆ ಹಣಕಿದ. ಅಡುಗೆಮನೆಯ ಗೋಡೆ ಬೆಳ್ಳಗಿತ್ತು. ಈ ಸೀಮೆಯಲ್ಲಿ ಸುಣ್ಣ ಬಳಿಯುವುದು ದೀಪಾವಳಿಗೆ, ಇಲ್ಲವೇ ಯುಗಾದಿಗೆ. ಈಗ ಮಾರ್ಗಶಿರ. ಇಷ್ಟು ಹೊಗೆಯಲ್ಲೂ ಕಪ್ಪು ಹತ್ತಿಲ್ಲವೆಂದರೆ ಬಳಿದು ಎಂಟು ದಿನ ದಾಟಿರಲಾರದು. ಗೋಡೆಯ ಮೇಲೆ ಬೆರಳೆಳೆದ, ಬಿಳಿ ಅಂಟಲಿಲ್ಲ. ಸತ್ವವಿದ್ದ ಹೊಸ ಸುಣ್ಣ, ಗಾಳಿ ಕುಡಿದು ಕಲ್ಲಾಗಿತ್ತು. ಅವನು ಸ್ಥಾವರಕ್ಕೆ ಮರಳಿದ.

"ಡ್ರಮ್ಮಿಗೆ ಹಾಕೋ ಸುಣ್ಣದ ಚೀಲ ಬಿಚ್ಚು," ಎಂದ ಹುಚ್ಚಣ್ಣನಿಗೆ.

ಬೋಗುಣಿಗೆ ಎರಡು ಹಿಡಿ ಹಾಕಿಸಿ ನೀರು ಹೊಯ್ಯಿಸಿದ. ಸುಟ್ಟ ಸುಣ್ಣವಾಗಿದ್ದರೆ ಕೊತಕೊತ ಕುದಿಯಬೇಕಿತ್ತು. ಅದು ರಾಗಿಹಿಟ್ಟಿನಂತೆ ತಣ್ಣಗೆ ಕೂತಿತ್ತು.

"ಇದೇನ್ಲಾ, ಸುಣ್ಣಕ್ಕೂ ಚಳಿ ಹಿಡೀತಾ?" ಎಂದ ದೊಡ್ಡರಂಗಪ್ಪ.

ಕದಿರಯ್ಯ ಹುಚ್ಚಣ್ಣನತ್ತ ತಿರುಗಿದ.

"ಯಾವತ್ತು ಬದಲಾಯಿಸಿದೆ?"

"ಹೋದ ವಾರದ ಗುರುವಾರ ಸಾ. ಹೊಸ ಸುಣ್ಣ ಮನೆಗೆ ಒಯ್ದು, ಡ್ರಮ್ಮಿನ ತಳದ ಬಗ್ಗಡಾನ ಬಂಡೆ ಮ್ಯಾಲೆ ಒಣಗಿಸಿ ಚೀಲಕ್ಕೆ ತುಂಬಿದೆ. ಹುಣಸೆಹಣ್ಣ ಎರಡ್ನೇ ಸಲ ಕಿವುಚಿದ್ರೂ ಒಸಿ ಹುಳಿ ಬುಡ್ತದಲ್ಲ, ಅಂಗೇ ಅನ್ಕೊಂಡೆ."

"ಒಂದು ಸಲ ಕುಡಿದ ಸುಣ್ಣ ಮತ್ತೆ ಕುಡಿಯಲ್ಲ ಕಣಪ್ಪ. ಗೂಡಿಗೆ ಹಾಕಿ ಸುಡಬೇಕು. ಗೋಡೆಗೆ ಯಾಕೆ ಬಳಿದೆ?"

ಹುಚ್ಚಣ್ಣ ಚೀಲದ ಬಾಯಿ ಕಟ್ಟಿದ. "ಅಕ್ಕನ ಕಣ್ಣು ಹೊಗೇಲಿ ಮಂಜಾಗೈತೆ. ಕಪ್ಪು ಗೋಡೆ, ಕಪ್ಪು ಮಡಿಕೆ, ಕಪ್ಪು ಒಲೆ. ಮಡಿಕೆ ಅಂತ ಕೆಂಡಕ್ಕೆ ಕೈ ಹಾಕಿದ್ಲು. ಗೋಡೆ ಬೆಳ್ಳಗಿದ್ರೆ ಮಡಿಕೆ ಕಾಣ್ತದೆ ಅಂತ."

ಮಧ್ಯಾಹ್ನ 1.15ಕ್ಕೆ ಇಬ್ಬರು ಪಂಚರ ಮುಂದೆ ಪಂಚನಾಮೆಯಾಯಿತು. ಚೀಲವನ್ನೂ ಗೋಡೆಯಿಂದ ಕೆರೆದ ಚಕ್ಕೆಯನ್ನೂ ವಶಪಡಿಸಿಕೊಂಡರು. 2.30ಕ್ಕೆ ಹುಚ್ಚಣ್ಣನ ದಸ್ತಗಿರಿ. ಜೀಪು ಹತ್ತುವ ಮುಂಚೆ ಅವನು ಸ್ಥಾವರದ ವಾಲ್ವು ಸರಿಯಾಗಿದೆಯೇ ಎಂದು ನೋಡಿ ಬಂದ.

ಶನಿವಾರ ಶಿರಾದಲ್ಲಿ ಜಾಮೀನು ಸಿಕ್ಕಿತು. ಸಹಿ ಹಾಕಿದವರು ವೃಷಭೇಂದ್ರಪ್ಪ. ಭಾನುವಾರ ಡ್ರಮ್ಮಿಗೆ ಹೊಸ ಸುಣ್ಣ ಬಿತ್ತು. ಸೋಮವಾರ ಇಂಜಿನಿಯರ ಮುಂದೆ ಉರಿ ನೀಲಿಯಾಗಿ ನಿಂತಿತು. ಪೈಪು ನಾಲ್ಕು ಮಾರು ಮುಂದೆ ಹೋಯಿತು.

ಗುರುವಾರ ಕದಿರಯ್ಯ ಹೇಳಿಕೆಗೆ ಕರಿಯಕ್ಕನ ಹೆಬ್ಬೆಟ್ಟು ಹಾಕಿಸಲು ಬಂದಾಗ ವೃಷಭೇಂದ್ರಪ್ಪ ಬೀದಿ ದಾಟಿ ಬರುತ್ತಿದ್ದರು. ಟವೆಲಿನಲ್ಲಿ ಸುತ್ತಿದ್ದ ಒಲೆಯನ್ನು ಜಗಲಿಯ ಮೇಲಿಟ್ಟರು.

"ನಿಮ್ದು ಕಣಮ್ಮ," ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಒಲೆಯ ಮೇಲಿದ್ದ ಹಾಲುಕ್ಕಿದ ಕಲೆಯನ್ನು ಯಾರೋ ತಿಕ್ಕಿ ತಿಕ್ಕಿ ತೆಗೆದಿದ್ದರು.