ನುಣುಪಯ್ಯನ ನವಿಲಂಗಿ

ಏಳು ಬೆಟ್ಟ ಹತ್ತಿ ಏಳು ಬೆಟ್ಟ ಇಳಿದರೆ ಮೇಘಾವತಿ ಎಂಬ ರಾಜ್ಯ ಸಿಗುತ್ತಿತ್ತು. ಬಹಳ ಬಹಳ ಹಿಂದೆ ಅಲ್ಲಿ ಕೆಂಪಾಜಿ ಎಂಬ ಹೊಲಿಗೆಯವಳಿದ್ದಳು. ಅವಳಿಗೆ ಪದುಮಿ ಎಂಬ ತಂಗಿ. ತಂದೆತಾಯಿ ಇಲ್ಲದ ಮನೆ. ಪದುಮಿಗೆ ಅಕ್ಕನೇ ತಾಯಿ, ಅಕ್ಕನೇ ತಂದೆ, ಬೈಯುವ ಹೊತ್ತಿಗೆ ಅಕ್ಕನೇ ಅತ್ತೆ.

ಪದುಮಿಗೆ ಹದಿನಾರು ವರ್ಷ. ಚಿಕ್ಕಂದಿನಿಂದ ಎಡಗೈಯಲ್ಲೇ ನೀರಿನ ಬಿಂದಿಗೆ ತೂಗಿಸಿಕೊಂಡು ಬಂದು ಬಂದು ಅವಳ ಎಡಭುಜ ಬಲಭುಜಕ್ಕಿಂತ ಅರ್ಧ ಬೆರಳು ಇಳಿದಿತ್ತು. ಅವಳು ನಕ್ಕರೆ ಮೂರನೇ ಮನೆಗೆ ಕೇಳಿಸುತ್ತಿತ್ತು.

ಒಂದು ದಿನ ರಾಜಬೀದಿಯಲ್ಲಿ ಹೊಸದೊಂದು ಅಂಗಡಿ ಎದ್ದಿತು. ಹಿಂದಿನ ದಿನ ಅಲ್ಲಿ ಬರೀ ಗೋಡೆಯಿತ್ತು. ಮರುದಿನ ಗಾಜಿನ ಕಿಟಕಿಯ ಅಂಗಡಿಯಿತ್ತು. ಕಿಟಕಿಯ ಹಿಂದೆ ಒಂದು ಮರದ ಬೊಂಬೆ, ಸುತ್ತ ಕಣ್ಣು ಕೀಳಲಾಗದಂಥ ಅಂಗಿಗಳು. ದಿನ ಕಳೆದಂತೆ ಬೊಂಬೆಗಳು ಒಂದೊಂದಾಗಿ ಹೆಚ್ಚಿ ಸಾಲಾದವು. ಅಂಗಡಿಯವನ ಮುಖದಲ್ಲಿ ಒಂದು ಗೆರೆಯಿಲ್ಲ, ಒಂದು ಕೂದಲಿಲ್ಲ. ಊರಿನವರು ಅವನಿಗೆ ನುಣುಪಯ್ಯ ಎಂದು ಹೆಸರಿಟ್ಟರು. ಅವನು ಯಾವ ಅಂಗಿಗೂ ಬೆಲೆ ಹೇಳುತ್ತಿರಲಿಲ್ಲ. "ಒಂಬತ್ತು ದಿನ ತೊಟ್ಟು ನೋಡಮ್ಮ. ಮೈಗೆ ಸರಿಹೋದ್ರೆ ನಿಂದೇ" ಅನ್ನುತ್ತಿದ್ದ.

ಅಲ್ಲಿದ್ದ ನವಿಲುಬಣ್ಣದ ನಿಲುವಂಗಿಯೊಂದರ ಮೇಲೆ ಪದುಮಿಯ ಮನಸ್ಸು ಹೋಯಿತು. ಎದೆಯ ಮೇಲೆ ಗರಿ ಬಿಚ್ಚಿದ ನವಿಲಿತ್ತು.

"ಅದೇನು ಮಹಾ" ಎಂದಳು ಕೆಂಪಾಜಿ. "ಒಂದು ಸಲ ಹೋಗಿ ನೋಡ್ಕೊಂಡು ಬರ್ತೀನಿ. ಅದರಪ್ಪನಂಥದ್ದು ಮನೇಲೇ ಹೊಲೀತೀನಿ."

ಹೋಗಿ ನೋಡಿಕೊಂಡು ಬಂದಳು. ಆಮೇಲೆ ಊರಿನವರ ಹೊಲಿಗೆ ಬಂತು. ಇವತ್ತಲ್ಲ ನಾಳೆ ಎಂದಳು. ಮಂತ್ರಿಯ ಮನೆಯ ಮದುವೆಗೆ ಹೊಲಿಗೆ ಬಂತು. ನಾಳೆಯಲ್ಲ ನಾಡಿದ್ದು ಎಂದಳು. ಹೊಲಿಯುವವರ ಮನೆಯ ಮಕ್ಕಳು ಹರಕು ತೊಟ್ಟುಕೊಂಡೇ ಬೆಳೆಯುತ್ತಾರೆ, ಇದು ಎಲ್ಲ ರಾಜ್ಯದಲ್ಲೂ ಹೀಗೇ. ಪದುಮಿ ಎರಡು ತಿಂಗಳು ಕಾದಳು. ಒಂದು ಮಧ್ಯಾಹ್ನ ಸುಮ್ಮನೆ ಎದ್ದು ನುಣುಪಯ್ಯನ ಅಂಗಡಿಗೆ ಹೋಗಿ ನವಿಲಂಗಿ ತೊಟ್ಟುಕೊಂಡು ಬಂದಳು.

ಮೊದಲ ದಿನ ಅಂಗಿ ಸರಿಹೊಂದಲಿಲ್ಲ. ಎಡಭುಜದಲ್ಲಿ ಸಡಿಲ, ಸೊಂಟದಲ್ಲಿ ಬಿಗಿ. ಮೂರನೆಯ ದಿನದ ಹೊತ್ತಿಗೆ ಎರಕ ಹೊಯ್ದಂತೆ ಕೂತುಕೊಂಡಿತು. ಕೆಂಪಾಜಿ ಹತ್ತಿರ ಹೋಗಿ ನೋಡಿದಳು. ಅಂಗಿಯ ಒಂದು ಹೊಲಿಗೆಯೂ ಬದಲಾಗಿರಲಿಲ್ಲ. ಬದಲಾದದ್ದು ಪದುಮಿ. ಅವಳ ಎರಡು ಭುಜವೂ ಒಂದೇ ಸಮಕ್ಕೆ ಬಂದಿದ್ದವು.

ನಾಲ್ಕನೆಯ ದಿನ ಪದುಮಿ ಊಟ ಬಿಟ್ಟಳು. ಐದನೆಯ ದಿನ ನಗು ಬಿಟ್ಟಳು. ಆರನೆಯ ದಿನ ಬಾಗಿಲು ದಾಟುವಾಗ ಅವಳ ಮೊಣಕೈ ಚೌಕಟ್ಟಿಗೆ ತಗುಲಿ ಟಕ್ ಎಂದಿತು. ಮರಕ್ಕೆ ಮರ ತಗುಲಿದ ಸದ್ದು ಅದು.

ಕೆಂಪಾಜಿ ತಂಗಿಯನ್ನು ಹಿಡಿದು ನಿಲ್ಲಿಸಿದಳು. ಅಂಗಿ ಬಿಚ್ಚಲು ಹೋದಳು; ಬಿಚ್ಚುವುದಕ್ಕೆ ಗುಂಡಿಯಿಲ್ಲ, ಲಾಡಿಯಿಲ್ಲ. ಕತ್ತರಿ ಹಾಕಿದಳು, ಕತ್ತರಿ ಮೊಂಡಾಯಿತು. ನೆರೆಮನೆಯವರು ಬಂದು, "ಈಗ ನೋಡು, ಹುಡುಗಿ ಎಷ್ಟು ಗಂಭೀರವಾಗಿದ್ದಾಳೆ" ಎಂದು ಹೊಗಳಿ ಹೋದರು.

ಕೆಂಪಾಜಿ ಅಂಗಡಿಗೆ ಓಡಿದಳು. ಅಂದು ಮೊದಲ ಸಲ ಕಿಟಕಿಯ ಅಂಗಿಗಳನ್ನು ಬಿಟ್ಟು ಬೊಂಬೆಗಳನ್ನೇ ನೋಡಿದಳು. ಹನ್ನೊಂದು ಬೊಂಬೆ, ಹನ್ನೊಂದಕ್ಕೂ ಒಂದೇ ಮುಖ. ಆದರೆ ಮೂರನೆಯ ಬೊಂಬೆಯ ಪಾದದ ಮೇಲೆ ಮಸುಕಾದ ಸುಟ್ಟ ಕಲೆಯಿತ್ತು. ಕಮ್ಮಾರನ ಮಗಳು ಗಂಗಿಗೆ ಕುಲುಮೆಯ ಕಿಡಿ ಹಾರಿ ಆದ ಕಲೆ. ಈಚೆಗೆ ಊರಿನಿಂದ ಕಾಣೆಯಾದ ಹತ್ತು ಹುಡುಗಿಯರಲ್ಲಿ ಅವಳೂ ಒಬ್ಬಳು; ಮಗಳನ್ನು ಹುಡುಕುತ್ತ ಕಮ್ಮಾರ ದಿನವೂ ಇದೇ ಕಿಟಕಿಯ ಮುಂದೆ ಹಾದು ಹೋಗುತ್ತಿದ್ದ.

"ಇವರು ನಮ್ಮೂರ ಹುಡುಗೀರು" ಎಂದಳು ಕೆಂಪಾಜಿ.

"ಹೌದು" ಎಂದ ನುಣುಪಯ್ಯ. ಮುಚ್ಚಿಡಲಿಲ್ಲ. "ಒಂಬತ್ತನೇ ದಿನ ಸಂಜೆ ತಾವಾಗೇ ನಡೆದು ಬಂದು ನಿಂತ್ಕೋತಾರೆ. ನಿನ್ನ ತಂಗೀಗೂ ಜಾಗ ಮಾಡಿಟ್ಟಿದೀನಿ."

ಕೆಂಪಾಜಿ ಅವನ ಕಾಲು ಹಿಡಿದಳು. ಪಾದರಕ್ಷೆಯೊಳಗೆ ಕಾಲು ಇದ್ದಂತೆ ಅನಿಸಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ತಾನಾಗೇ ತೊಟ್ಟ ಅಂಗಿ ಇದು, ಇನ್ನೊಬ್ಬರ ಕೈಗೆ ಬರೋದಿಲ್ಲ" ಎಂದ ಅವನು. "ಅವಳೇ ತನ್ನ ಬಾಯಿಂದ ಬೇರೆ ಅಂಗಿ ಕೇಳಬೇಕು. ಕೇಳಿದ್ರೆ ನನ್ನ ಹಿಡಿತ ಹೋಯ್ತು. ಮೂರು ದಿನ ಉಳಿದಿದೆ. ಮೂರು ಅಂಗಿ ಹೊಲಿದು ತೋರಿಸು. ನಿನಗೂ ಹೊಲಿಗೆ ಬರುತ್ತಂತಲ್ಲ."

ಕೆಂಪಾಜಿ ಮನೆಗೆ ಬಂದು ಕತ್ತರಿ ಸಾಣೆ ಹಿಡಿದಳು. ನವಿಲುಬಣ್ಣದ ಬಟ್ಟೆ ತಂದಳು. ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, ನುಣುಪಯ್ಯನ ಅಂಗಿಯ ನೆರಿಗೆಗೆ ನೆರಿಗೆ, ಗರಿಗೆ ಗರಿ ನೋಡಿ ಹೊಲಿದಳು. ಎರಡನ್ನೂ ಪಕ್ಕದಲ್ಲಿ ಹಿಡಿದರೆ ಹೊಲಿದವಳಿಗೇ ಗುರುತು ಸಿಗದಂತಿತ್ತು. ತಂಗಿಗೆ ತೋರಿಸಿದಳು.

"ಚೆನ್ನಾಗಿದೆ" ಎಂದಳು ಪದುಮಿ. ಅಷ್ಟೇ. ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತಳು.

ಪದುಮಿ ಹುಟ್ಟಿದಾಗಿನಿಂದ ಅಕ್ಕ ಹೊಲಿದ ಯಾವ ಬಟ್ಟೆಯನ್ನೂ ಚೆನ್ನಾಗಿದೆ ಎಂದವಳಲ್ಲ.

ಬಟ್ಟೆ ಸಾಲದೇನೋ, ಇನ್ನೂ ಚೆಂದದ್ದು ಬೇಕೇನೋ ಎಂದುಕೊಂಡು ಕೆಂಪಾಜಿ ಮರುದಿನ ಬೆಳಗಾಗುತ್ತಲೇ ಹಾಳುಕೋಟೆಗೆ ಹೋದಳು. ಅಲ್ಲಿನ ಒಣಬಾವಿಯಲ್ಲಿ ಕರುವಿನಷ್ಟು ದೊಡ್ಡ ಬಿಳಿ ಜೇಡವೊಂದು ವಾಸವಾಗಿತ್ತು. ಅದು ನೇಯುವ ಬಟ್ಟೆಗೆ ನೆರಳು ಬೀಳುತ್ತಿರಲಿಲ್ಲ.

"ಬಟ್ಟೆ ಬೇಕು" ಎಂದಳು ಕೆಂಪಾಜಿ, ಬಾವಿಯೊಳಗೆ ಬಗ್ಗಿ.

"ಆ ಅಂಗಡಿಯವನೂ ಹೀಗೇ ಬಗ್ಗಿ ಕೇಳಿದ್ದ" ಎಂದಿತು ಜೇಡ. "ಒಂದು ಸಲ ಅಲ್ಲ. ಪ್ರತಿ ಬಟ್ಟೆಗೂ ಮೈಯ ಒಂದೊಂದು ಭಾಗ ಕೊಟ್ಟ. ಈಗ ಅವನ ಅಂಗಿಯೊಳಗೆ ಏನೂ ಉಳಿದಿಲ್ಲ. ನೀನೇನು ಕೊಡ್ತೀಯ?"

ಕೆಂಪಾಜಿ ಎಡಗೈಯ ಕಿರುಬೆರಳು ಚಾಚಿದಳು. ಜೇಡ ಮೆಲ್ಲಗೆ ಕಚ್ಚಿತು. ಬೆರಳು ಮರದ್ದಾಯಿತು. ನೋವಾಗಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು.

ಎರಡನೆಯ ಅಂಗಿ ನುಣುಪಯ್ಯನದಕ್ಕಿಂತ ಚೆಂದವಾಯಿತು. ಎದೆಯ ನವಿಲು ಕತ್ತು ಕೊಂಕಿಸಿ ನೋಡುವಂತಿತ್ತು. ಪದುಮಿ ಅದನ್ನೂ ನೋಡಿದಳು. "ಚೆನ್ನಾಗಿದೆ" ಎಂದಳು, ಅದೇ ಚಪ್ಪಟೆ ದನಿಯಲ್ಲಿ. ಆಗ ಬಾಗಿಲಲ್ಲಿ ನುಣುಪಯ್ಯ ನಿಂತಿದ್ದ. ಬಂದ ಹೆಜ್ಜೆಯ ಸದ್ದು ಯಾರಿಗೂ ಕೇಳಿಸಿರಲಿಲ್ಲ.

"ನಿಜವಾಗ್ಲೂ ಚೆನ್ನಾಗಿದೆ" ಎಂದ ಅವನು. "ಇಷ್ಟು ಸಮವಾಗಿ ಹೊಲಿಯೋಳು ನಂಗೂ ಬೇಕಾಗಿತ್ತು. ಇದನ್ನ ನನ್ನ ಕಿಟಕೀಲಿ ಹಾಕ್ತೀನಿ." ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದ. ಎರಡು ದಿನ ತಾನು ದುಡಿದದ್ದು ಅವನ ಅಂಗಡಿಗೆ ಎಂದು ಕೆಂಪಾಜಿಗೆ ಆಗ ತಿಳಿಯಿತು.

ಒಂಬತ್ತನೆಯ ದಿನ ಬೆಳಗಾಯಿತು. ಕೆಂಪಾಜಿ ಕೈಗೆ ದಾರ ತೆಗೆದುಕೊಂಡು ತಂಗಿಯ ಅಳತೆ ಹಿಡಿದಳು. ಭುಜ ಅಂಗಿಯಷ್ಟೇ, ಎದೆ ಅಂಗಿಯಷ್ಟೇ, ತೋಳು ಅಂಗಿಯಷ್ಟೇ. ದಾರದಲ್ಲಿ ಎಲ್ಲೂ ಪದುಮಿ ಸಿಗಲಿಲ್ಲ. ಕಣ್ಣು ಮುಚ್ಚಿ ನೆನೆದಳು. ನೆನಪಿಗೂ ಅಂಗಿಯೇ ಬಂತು.

ಗೋಡೆಯ ಗೂಟಗಳಲ್ಲಿ ಊರಿನ ಹೆಂಗಸರ ಅಳತೆ ರವಿಕೆಗಳು ನೇತಾಡುತ್ತಿದ್ದವು. ಹೊಸ ಬಟ್ಟೆ ಹೊಲಿಯಲು ಕೊಡುವಾಗ, ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅಳತೆಗೆಂದು ಜೊತೆಗೆ ಕೊಡುವುದು ವಾಡಿಕೆ. ಅಷ್ಟು ರವಿಕೆಗಳ ನಡುವೆ ತನ್ನ ತಂಗಿಯದೊಂದಿರಲಿಲ್ಲ. ಎದುರಿಗೇ ಇರುವವಳಿಗೆ ಅಳತೆ ಯಾಕೆ ಎಂದುಕೊಂಡಿದ್ದಳು ಕೆಂಪಾಜಿ. ಮನೆಯೆಲ್ಲ ತಡಕಾಡಿದಳು. ಕೊನೆಗೆ ಒಲೆಯ ಹಿಂದೆ, ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಸಿಕ್ಕಿತು ಪದುಮಿಯ ಹಳೆಯ ರವಿಕೆ. ಎಡಭುಜ ಅರ್ಧ ಬೆರಳು ಇಳಿದಿತ್ತು. ಕಂಕುಳ ಹತ್ತಿರ ಮೂರು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿದ ಗುರುತಿತ್ತು. ಅದನ್ನು ಮುಖಕ್ಕೊತ್ತಿಕೊಂಡು ಕೆಂಪಾಜಿ ಅತ್ತಳು. ಇಷ್ಟು ವರ್ಷ ಜೊತೆಗಿದ್ದ ತಂಗಿಯ ಅಳತೆ ಮಸಿಬಟ್ಟೆಯಲ್ಲಿ ಸಿಕ್ಕಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮನೆಯಲ್ಲಿ ಉಳಿದಿದ್ದದ್ದು ಕೌದಿಗೆಂದು ಇಟ್ಟ ಕೆಂಪು ಚೌಕಳಿ ಬಟ್ಟೆ. ಅದನ್ನೇ ಹಾಸಿದಳು. ನುಣುಪಯ್ಯನ ಅಂಗಿಯ ಮಾದರಿಯನ್ನು ರವಿಕೆಯ ಅಳತೆಗೆ ಬಗ್ಗಿಸಿದಳು. ಎಡಭುಜ ಇಳಿಸಿ ಕತ್ತರಿಸಿದಳು. ಮುಂದೆ ಬೆಳೆದಾಗ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲೆಂದು ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಳು. ಅಂಗಡಿಯ ಅಂಗಿಯೊಳಗೆ ಒಂದು ಎಳೆಯಷ್ಟೂ ಬಿಟ್ಟಿರಲಿಲ್ಲ. ಕಿರುಬೆರಳು ಮರಗಟ್ಟಿದ್ದರಿಂದ ಹೊಲಿಗೆ ಅಲ್ಲಲ್ಲಿ ಸೊಟ್ಟಗಾಯಿತು. ಎದೆಯ ಮೇಲಿನ ಹಕ್ಕಿಗೆ ಕೊನೆಯ ಹೊಲಿಗೆ ಹಾಕುವಾಗ ಬಿಸಿಲು ಇಳಿದಿತ್ತು. ತಲೆಯೆತ್ತಿ ನೋಡಿದರೆ ಪದುಮಿ ಮನೆಯಲ್ಲಿರಲಿಲ್ಲ.

ಕೆಂಪಾಜಿ ಅಂಗಿ ಹಿಡಿದು ಓಡಿದಳು. ಪದುಮಿ ರಾಜಬೀದಿಯಲ್ಲಿ ಟಕ್ ಟಕ್ ಎಂದು ನಡೆಯುತ್ತಿದ್ದಳು. ಎರಡು ಬದಿಯ ಜನ ಅವಳ ಅಂಗಿ ನೋಡುತ್ತಿದ್ದರು, ಅವಳನ್ನು ಯಾರೂ ನೋಡುತ್ತಿರಲಿಲ್ಲ. ನುಣುಪಯ್ಯ ಅಂಗಡಿಯ ಬಾಗಿಲು ತೆರೆದು ಹಿಡಿದಿದ್ದ. ಅವಳ ಒಂದು ಕಾಲು ಹೊಸ್ತಿಲ ಮೇಲಿತ್ತು.

"ಪದುಮಿ, ಇದನ್ನೊಂದು ನೋಡೇ" ಎಂದು ಕೆಂಪಾಜಿ ಅಡ್ಡ ನಿಂತು ಅಂಗಿಯನ್ನು ಹರಡಿ ಹಿಡಿದಳು.

ನುಣುಪಯ್ಯ ನಕ್ಕ. ನಕ್ಕಾಗಲೂ ಮುಖದಲ್ಲಿ ಗೆರೆ ಮೂಡಲಿಲ್ಲ. ಪದುಮಿ ಅಂಗಿಯನ್ನು ನೋಡಿದಳು. ಬಾಯಿ ತೆರೆಯಿತು. "ಚೆ..." ಎಂದಳು. ಅಲ್ಲಿಗೇ ನಿಂತಳು. ಅವಳ ಹಣೆಯ ಮೇಲೆ ಸಣ್ಣದೊಂದು ಗಂಟು ಮೂಡಿತು.

"ಇದೇನಕ್ಕ" ಎಂದಳು ಪದುಮಿ. "ಇದು ನವಿಲೋ, ಕೋಳಿಯೋ?"

ಕೆಂಪಾಜಿ ಅಂಗಿಯನ್ನು ಇನ್ನೂ ಹತ್ತಿರ ಹಿಡಿದಳು. "ನವಿಲೇ. ಆತುರದಲ್ಲಿ ಸ್ವಲ್ಪ ದಪ್ಪ ಆಯ್ತು."

"ಸ್ವಲ್ಪವಾ? ಮೊಟ್ಟೆ ಇಡೋ ಹಾಗಿದೆ. ಕತ್ತು ಬೇರೆ ಬಿಗಿ. ನಂಗೆ ಕತ್ತು ಬಿಗಿ ಆಗಲ್ಲ ಅಂತ ಎಷ್ಟು ಸಲ ಹೇಳಿದೀನಿ. ಬಣ್ಣವೂ ಕೌದಿ ಬಣ್ಣ." ಪದುಮಿಯ ದನಿ ಏರುತ್ತಿತ್ತು. ಅವಳು ಕೈ ಚಾಚಿದಳು. "ಕೊಡು ಇಲ್ಲಿ. ನಂದು ನಂಗೆ ಕೊಡು."

ಅವಳ ಎಡಭುಜ ಅರ್ಧ ಬೆರಳು ಇಳಿಯಿತು. ನವಿಲಂಗಿ ಭುಜದಿಂದ ಪಾದದವರೆಗೆ ಚರ್ರನೆ ಸೀಳಿತು. ಆ ಅಂಗಡಿಯ ಬಟ್ಟೆಗಳನ್ನೆಲ್ಲ ಕಡಿಯದ ಒಂದೇ ದಾರದಲ್ಲಿ ಹೊಲಿಯಲಾಗಿತ್ತು. ಇಲ್ಲಿ ಬಿಚ್ಚಿದ ಎಳೆ ಹಾವಿನಂತೆ ಓಡಿ ಕಿಟಕಿಯ ಅಂಗಿಗಳನ್ನೆಲ್ಲ ಬಿಚ್ಚಿತು, ಕೊನೆಗೆ ನುಣುಪಯ್ಯನ ಅಂಗಿಯ ತೋಳಿಗೆ ಬಂತು. ಅವನು ಎರಡೂ ಕೈಯಿಂದ ಎದೆಯ ಹೊಲಿಗೆ ಒತ್ತಿ ಹಿಡಿದುಕೊಂಡ. ಆಮೇಲೆ ಕೈಗಳೂ ಬಿಚ್ಚಿಹೋದವು. ನೆಲದ ಮೇಲೆ ಒಂದು ಹಿಡಿ ಬಟ್ಟೆ ಬಿದ್ದಿತ್ತು, ಒಳಗೆ ಯಾರೂ ಇರಲಿಲ್ಲ.

ಕೆಂಪಾಜಿ ತಂಗಿಗೆ ತನ್ನ ಸೆರಗು ಸುತ್ತಿ ಕೆಂಪು ಅಂಗಿ ತೊಡಿಸಿದಳು. "ತಡ ಮಾಡ್ಬಿಟ್ಟೆ ಕಣೇ, ತಪ್ಪಾಯ್ತು" ಎಂದು ಅಪ್ಪಿಕೊಂಡಳು. ಪದುಮಿಯ ಮೈ ಬೆಚ್ಚಗಿತ್ತು.

ಕಿಟಕಿಯ ಹುಡುಗಿಯರು ಮಾತ್ರ ಇನ್ನೂ ಮರವಾಗಿಯೇ ನಿಂತಿದ್ದರು. ಕೆಂಪಾಜಿ ಊರಿಗೆಲ್ಲ ಹೇಳಿ ಕಳಿಸಿದಳು. ತಾಯಂದಿರು ಪೆಟ್ಟಿಗೆ ಕೆದಕಿ ಮಕ್ಕಳ ಹಳೆಯ ರವಿಕೆಗಳನ್ನು ತಂದರು. ಗಂಗಿಯದನ್ನು ಕಮ್ಮಾರನೇ ಎದೆಗವುಚಿಕೊಂಡು ತಂದ. ಅಕ್ಕತಂಗಿಯರಿಬ್ಬರೂ ಕೂತು ಹೊಲಿದರು. ಒಬ್ಬೊಬ್ಬಳಿಗೂ ಅವಳವಳ ಅಳತೆಯದನ್ನು ತೊಡಿಸಿದಂತೆ ಒಬ್ಬೊಬ್ಬಳೂ ಕಣ್ಣು ಬಿಟ್ಟಳು, ಏನಾದರೊಂದು ಕೊಂಕು ತೆಗೆದಳು, ಮನೆಗೆ ಹೋದಳು.

ಕೊನೆಗೊಬ್ಬಳು ಉಳಿದಳು. ಎಲ್ಲರಿಗಿಂತ ಮೊದಲು ಸಿಕ್ಕಿಬಿದ್ದವಳು. ಬೇರೆ ಯಾವುದೋ ಊರಿನವಳು, ಬೇರೆ ಯಾವುದೋ ಕಾಲದವಳು. ಅವಳ ಅಳತೆ ತರಲು ಯಾರೂ ಬರಲಿಲ್ಲ. ಕೆಂಪಾಜಿ ಎದುರಿಗೆ ಕೂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ದೊಗಳೆಯಾದದ್ದೊಂದನ್ನು ಹೊಲಿದು, ಒಳಗೆ ಒಂದು ಗೇಣು ಬಟ್ಟೆ ಬಿಟ್ಟು, ತೊಡಿಸಿದಳು. ಹುಡುಗಿ ಕದಲಲಿಲ್ಲ. ಪದುಮಿ ಅವಳ ಪಕ್ಕದಲ್ಲಿ ಕೂತಳು. ಒಂದು ದಿನ ಅಂಗಿಯ ತೋಳು ಬಿಗಿ ಮಾಡಿದರು, ಒಂದು ದಿನ ಸೊಂಟ ಸಡಿಲ ಮಾಡಿದರು, ಒಂದು ದಿನ ಅಂಚು ಇಳಿಸಿದರು. ಹೀಗೆ ಆರು ತಿಂಗಳು ನಡೆಯಿತು. ಒಂದು ಬೆಳಗ್ಗೆ ಕೆಂಪಾಜಿ ಅವಳ ಕುತ್ತಿಗೆಯ ಹೊಲಿಗೆಗೆ ಸೂಜಿ ಹಾಕಿದಾಗ, "ಮೆಲ್ಲಗೆ" ಎಂದಳು ಆ ಹುಡುಗಿ, "ಚುಚ್ಚುತ್ತೆ."

ಅವಳಿಗೆ ಹೆಸರು ನೆನಪಿರಲಿಲ್ಲ, ಇವರು ಹೊಸದೊಂದು ಇಟ್ಟರು. ಮೂವರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿ ಬಾಳಿದರು. ಮೇಘಾವತಿಯ ಜನ ಅವರು ಹೊಲಿದದ್ದನ್ನೇ ತೊಟ್ಟರು.