ಶ್ರೀವಾಣಿ ಬಿಟ್ಟುಹೋದ ಬೀಗ

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ನಾನು ಕಾರ್ಖಾನೆಯ ದೊಡ್ಡ ಫ್ಯಾನಿನ ಕರೆಂಟು ಪ್ಯಾನೆಲ್ ಎದುರು ಹೋಗಿ ನಿಂತೆ. ಅದರ ಹಿಡಿಕೆಯಲ್ಲಿ ಒಂದು ಕೆಂಪು ಬೀಗ ತೂಗುತ್ತಿತ್ತು. ಮೇಲೆ ಬಿಳಿ ಅಕ್ಷರದಲ್ಲಿ ಹೆಸರು: ಶ್ರೀವಾಣಿ.

ಶ್ರೀವಾಣಿ ಹಿಂದಿನ ದಿನ ಸಂಜೆಯ ಬಸ್ಸಿಗೇ ತನ್ನ ಊರು ಶೃಂಗೇರಿಗೆ ಹೊರಟುಹೋಗಿದ್ದಳು.

ನಮ್ಮದು ನರಸಿಂಹರಾಜಪುರದ ಆಚೆಗಿರುವ ಒಂದು ಸಣ್ಣ ಸಿಮೆಂಟ್ ಕಾರ್ಖಾನೆ. ಸುಣ್ಣದಕಲ್ಲು ಸುಟ್ಟ ಕ್ಲಿಂಕರ್ ಉಂಡೆಗಳು ಬಯಲುಸೀಮೆಯಿಂದ ಲಾರಿಯಲ್ಲಿ ಬರುತ್ತವೆ. ನಾವು ಅವನ್ನು ದೊಡ್ಡ ಮಿಲ್ಲಿನಲ್ಲಿ ಅರೆಯುತ್ತೇವೆ. ಅರೆದ ಪುಡಿಯಲ್ಲಿ ನುಣುಪಾದದ್ದನ್ನು ಗಾಳಿಯಿಂದ ಎಳೆದು ಬೇರೆ ಮಾಡುವುದು ಈ ಫ್ಯಾನಿನ ಕೆಲಸ. ಇಪ್ಪತ್ತೊಂಬತ್ತು ವರ್ಷಗಳಿಂದ ಇಲ್ಲಿಯ ಮೋಟಾರು, ಕರೆಂಟು ಎಲ್ಲ ನನ್ನ ಜವಾಬ್ದಾರಿ.

ಯಂತ್ರಕ್ಕೆ ಕೈ ಹಾಕುವ ಮೊದಲು ಕರೆಂಟು ತೆಗೆದು ತಮ್ಮ ಹೆಸರಿನ ಬೀಗ ಹಾಕಬೇಕು. ಕೆಲಸ ಮುಗಿದ ಮೇಲೆ ಹಾಕಿದವರೇ ಬಂದು ತೆಗೆಯಬೇಕು. ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸುವಂತೆಯೂ ಇಲ್ಲ. ಬೀಗ ಇದೆ ಎಂದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದೇ ತಿಳಿಯಬೇಕು. ಇದು ನಮ್ಮಲ್ಲಿ ದೇವರ ಆಣೆಯಷ್ಟೇ ಗಟ್ಟಿ.

"ಕಡಿದು ಹಾಕಿ ಹರಿಹರ ಭಟ್ರೆ," ಎಂದರು ಮ್ಯಾನೇಜರ್ ವೃಷಭೇಂದ್ರಪ್ಪ. "ಸೋಮವಾರ ಬೆಳಗ್ಗೆ ಮಿಲ್ ಶುರು ಆಗ್ಬೇಕು. ಆಯಮ್ಮನ ಫೋನು ಸ್ವಿಚ್ ಆಫ್. ಕಾಗದದ ಮೇಲೆ ನಾನು ಸಹಿ ಹಾಕ್ತೀನಿ."

"ಕಡಿಯೋದು ಬೇಡ ಸಾರ್. ನಾನೇ ಹೋಗಿ ಕರೆದುಕೊಂಡು ಬರ್ತೀನಿ."

"ಶೃಂಗೇರಿಗಾ? ಒಂದು ಬೀಗಕ್ಕಾ?"

ಪಕ್ಕದಲ್ಲಿ ನಿಂತಿದ್ದ ಕಂಟ್ರೋಲ್ ರೂಮಿನ ಲಿಂಗಪ್ಪ ಮೀಸೆಯೊಳಗೆ ನಕ್ಕ. ಮ್ಯಾನೇಜರು ಆಚೆ ಹೋದದ್ದೇ ಕೇಳಿದ. "ಬೀಗಕ್ಕೆ ಹೋಗ್ತೀರೋ, ಮತ್ತೆಂತಕ್ಕೆ ಹೋಗ್ತೀರೋ ಮಾರಾಯ್ರೆ?"

"ನಿನ್ನ ಕೆಲಸ ನೋಡು," ಎಂದೆ.

ಶ್ರೀವಾಣಿ ನಮ್ಮಲ್ಲಿಗೆ ಬಂದದ್ದು ಮೂರು ತಿಂಗಳ ಹಿಂದೆ. ಆ ದಿನ ಪ್ಯಾನೆಲ್ ಕೋಣೆಯ ಬಾಗಿಲಲ್ಲಿ ಕಾಟನ್ ಸೀರೆ, ಕನ್ನಡಕ, ಹೆಗಲಿಗೊಂದು ಬ್ಯಾಗು ಹಾಕಿಕೊಂಡ, ಐವತ್ತರ ಹತ್ತಿರದ ಹೆಂಗಸೊಬ್ಬಳು ನಿಂತಿದ್ದಳು. ಯಾವುದೋ ಕಾಲೇಜಿನಿಂದ ಕಾರ್ಖಾನೆ ನೋಡಲು ಬಂದ ಮೇಷ್ಟ್ರಮ್ಮ ಎಂದುಕೊಂಡೆ. ಅರ್ಧ ಗಂಟೆ ನಿಂತು ವಿವರಿಸಿದೆ. ಇಷ್ಟು ದಿನ ಫ್ಯಾನು ಪೂರ್ತಿ ವೇಗದಲ್ಲಿ ಓಡುತ್ತಿತ್ತು, ಗಾಳಿ ಹೆಚ್ಚಾದರೆ ಗಾಳಿಕೊಳವೆಯ ಬಾಗಿಲು ಮುಚ್ಚಿ ತಡೆಯುತ್ತಿದ್ದೆವು, ಇನ್ನು ಮೇಲೆ ಡ್ರೈವ್ ಎಂಬ ಯಂತ್ರ ಬರುತ್ತದೆ, ಅದು ಬೇಕಾದಷ್ಟೇ ವೇಗಕ್ಕೆ ಮೋಟಾರನ್ನು ಓಡಿಸುತ್ತದೆ, ಎಂದೆಲ್ಲ.

ಅವಳು ತಲೆದೂಗುತ್ತ ಕೇಳಿದಳು. ಕೊನೆಗೆ, "ತುಂಬಾ ಚೆನ್ನಾಗಿ ಹೇಳ್ತೀರಿ ಸಾರ್. ಆ ಡ್ರೈವ್ ಕೂರಿಸೋಕೆ ಬಂದಿರೋದು ನಾನೇ. ಶುರು ಮಾಡ್ಲಾ?" ಎಂದಳು.

ನನಗೆ ಕಿವಿಯೆಲ್ಲ ಬಿಸಿಯಾಯಿತು. ಅವಳು ಕನ್ನಡಕದ ಮೇಲಿನಿಂದ ಒಂದು ಸಲ ನೋಡಿದಳು. ನಗಲಿಲ್ಲ, ನಗುವನ್ನು ತುಟಿಯ ಒಂದು ಮೂಲೆಯಲ್ಲಿ ಮಡಿಸಿಟ್ಟುಕೊಂಡಳು. ಆ ಮೂಲೆಯನ್ನು ನಾನು ಆಮೇಲೆ ಮೂರು ತಿಂಗಳು ದಿನವೂ ನೋಡಿದೆ.

ಒಮ್ಮೆ ಕರೆಂಟು ತೆಗೆದ ಕೂಡಲೇ ನಾನು ಡ್ರೈವಿನ ಬಾಗಿಲು ತೆರೆಯಹೋದೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಹತ್ತು ನಿಮಿಷ ಕಾಯಿರಿ. ಆರಿಸಿದರೂ ಒಳಗೆ ಕರೆಂಟು ಇನ್ನೂ ಇರುತ್ತೆ."

"ಗೊತ್ತು."

"ಗೊತ್ತಿದ್ದವರೇ ಸುಟ್ಟುಕೊಳ್ಳೋದು," ಎಂದಳು. ತೋಳು ಬಿಟ್ಟದ್ದು ಸ್ವಲ್ಪ ತಡವಾಗಿ.

ಆ ಹತ್ತು ನಿಮಿಷ ಇಬ್ಬರೂ ಎರಡು ಸ್ಟೂಲಿನ ಮೇಲೆ ಕೂತೆವು. ನನ್ನ ಹೆಂಡತಿ ಜಲಜಾಕ್ಷಿ ತೀರಿಕೊಂಡು ಅಂದಿಗೆ ಒಂದು ವರ್ಷವಾಗಿ ಹನ್ನೆರಡು ದಿನ. ನಮಗೆ ಮಕ್ಕಳಿಲ್ಲ. ವರ್ಷಾಂತಿಕ ಮುಗಿಸಿ, ಇನ್ನು ಉಳಿದದ್ದು ದೇವರ ಪೂಜೆ, ಕಾರ್ಖಾನೆ, ಇಷ್ಟೇ ಎಂದು ನಿಶ್ಚಯಿಸಿದ್ದೆ. ಆ ದಿನ ಸಂಜೆ ಕೊಪ್ಪದ ಮನೆಗೆ ಹೋಗಿ ದೀಪ ಹಚ್ಚುವಾಗ ಜಲಜಾಕ್ಷಿಯ ಪಟದ ಕಡೆ ಕಣ್ಣೆತ್ತಲು ಆಗಲಿಲ್ಲ. ತಪ್ಪು ಮಾಡಿದವನ ಹಾಗೆ ನಿಂತೆ. ಏನು ತಪ್ಪು ಎಂದು ಕೇಳಿಕೊಂಡರೆ, ಏನೂ ಮಾಡಿರಲಿಲ್ಲ. ಏನೂ ಮಾಡದವನಿಗೆ ಇಷ್ಟು ಸಂಕೋಚ ಏಕೆ ಎಂಬುದೂ ತಿಳಿಯಲಿಲ್ಲ.

ಮೊನ್ನೆ ಗುರುವಾರ ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದಳು. "ನಾಳೆಗೆ ಇಲ್ಲಿ ನನ್ನ ಕೆಲಸ ಮುಗೀತು. ಮುಂದಿನ ವಾರ ರಾಜಸ್ಥಾನ. ಅಲ್ಲಿ ಒಂದು ದೊಡ್ಡ ಪ್ಲಾಂಟು. ಆರು ತಿಂಗಳೋ, ಎರಡು ವರ್ಷವೋ, ಎಷ್ಟಕ್ಕೆ ಒಪ್ಪಿಕೊಳ್ಳಬೇಕು ಅಂತ ಸೋಮವಾರ ಹೇಳಬೇಕು."

ಆಮೇಲೆ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದಳು.

ನನ್ನ ಗಂಟಲಿಗೆ ಹತ್ತು ಮಾತು ಬಂದವು. ಬಾಯಿಗೆ ಬಂದದ್ದು ಒಂದೇ: "ಒಳ್ಳೆಯದು."

"ಒಳ್ಳೆಯದಾ?"

"ದೊಡ್ಡ ಪ್ಲಾಂಟು ಅಲ್ಲವಾ. ನಿಮ್ಮ ಕೆಲಸಕ್ಕೆ ಒಳ್ಳೆಯದು."

ಅವಳು ಕುರ್ಚಿಯನ್ನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿಸಿಕೊಂಡಳು. ಮರುದಿನ ನನಗೆ ಹೇಳದೆ ಹೋದಳು.

ಈಗ ಈ ಬೀಗ. ಇಪ್ಪತ್ತಾರು ವರ್ಷದ ಅನುಭವದಲ್ಲಿ ಒಂದು ಬೀಗವನ್ನೂ ಮರೆತವಳಲ್ಲ ಎಂದು ಅವಳೇ ಹೇಳಿದ್ದಳು. ಹಾಗಾದರೆ ಬೇಕೆಂದೇ ಬಿಟ್ಟಳೋ? ಬೇಕೆಂದು ಬಿಟ್ಟರೆ ಫೋನು ಏಕೆ ಆರಿಸಬೇಕು? ಸಿಟ್ಟೇ? ಸಿಟ್ಟಾದರೆ ಯಾರ ಮೇಲೆ? ಕೊಪ್ಪದಲ್ಲಿ ಬಸ್ಸು ಬದಲಿಸಿ ಹರಿಹರಪುರ ದಾಟುವವರೆಗೂ ಇದನ್ನೇ ತಿರುವಿ ಹಾಕಿದೆ. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಿದನಂತೆ. "ಎಲ್ಲಿಗೆ ಮಾರಾಯ್ರೆ, ಅದಾದ್ರೂ ಗೊತ್ತುಂಟಾ?" ಎಂದು ಅವನು ಹೇಳಿದಾಗ ಎಚ್ಚರವಾಯಿತು.

ಶೃಂಗೇರಿಯಲ್ಲಿ ಇಳಿದವನು ಮೊದಲು ತುಂಗೆಯ ಮೆಟ್ಟಿಲಿಗೆ ಹೋಗಿ ಕೈಕಾಲು ತೊಳೆದೆ. ಅಮ್ಮನವರ ಎದುರು ನಿಂತು ಕೈ ಮುಗಿದೆ. ನಲವತ್ತು ವರ್ಷಗಳಿಂದ ಇಲ್ಲಿ ನಿಂತು ಏನಾದರೂ ಬೇಡಿದ್ದೇನೆ. ಅಂದು ಏನು ಬೇಡಬೇಕು ಎಂದೇ ತಿಳಿಯಲಿಲ್ಲ. ಅವಳು ಸಿಗಲಿ ಎನ್ನಲೇ? ಈ ಯೋಚನೆ ನನ್ನನ್ನು ಬಿಟ್ಟುಹೋಗಲಿ ಎನ್ನಲೇ? ಜಲಜಾಕ್ಷಿಯ ಒಪ್ಪಿಗೆಯನ್ನು ಯಾರ ಮೂಲಕ ಕೇಳಿಸಲಿ? ಕೊನೆಗೆ, "ತಾಯಿ, ನನಗೆ ಗೊತ್ತಾಗುತ್ತಿಲ್ಲ," ಎಂದಷ್ಟೇ ಹೇಳಿ ಹೊರಗೆ ಬಂದೆ.

ಮದುವೆಯಾಗದ ಅವಳೂ ತಾಯಿಯೂ ಇಬ್ಬರೇ ಇದ್ದ ಮನೆ ಯಾತ್ರಿಕರ ಲಾಡ್ಜೊಂದರ ಹಿಂದಿನ ಓಣಿಯಲ್ಲಿತ್ತು. ಬಾಗಿಲು ತೆರೆದವರು ಅವಳ ತಾಯಿ ವೆಂಕಮ್ಮ. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು.

"ಯಾರು? ಸಿಮೆಂಟಿನ ಮಾಣಿಯಾ?" ಎಂದರು.

ಐವತ್ತೇಳು ವರ್ಷದ ನನ್ನನ್ನು ಯಾರಾದರೂ ಮಾಣಿ, ಹುಡುಗ, ಎಂದು ಕರೆದು ಎಷ್ಟೋ ಕಾಲವಾಗಿತ್ತು. "ಹೌದಮ್ಮ," ಎಂದೆ.

"ಒಳಗೆ ಬಾ. ನಮ್ಮ ಕೂಸು ನಿನ್ನೆಯಿಂದ ಮುಖ ಊದಿಸ್ಕಂಡು ಕೂತಿದ್ದು. ಎಂತ ಮಾಡಿದೆ ನೀನು?"

"ನಾನು ಏನೂ ಮಾಡಿಲ್ಲ."

"ಅದೇ ಇರ್ಬೇಕು," ಎಂದು ಅವರು ಕಾಫಿಗೆ ನೀರಿಡಲು ಹೋದರು.

ಶ್ರೀವಾಣಿ ಹಿಂದಿನ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅರ್ಧ ತುಂಬಿದ ಸೂಟ್‌ಕೇಸು. ನನ್ನನ್ನು ನೋಡಿ ಎದ್ದಳು, ಮತ್ತೆ ಕೂತಳು, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಕನ್ನಡಕವಿಲ್ಲದ ಆ ಕಣ್ಣನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೃದುವಾಗಿ, ಸ್ವಲ್ಪ ದಣಿದು, ಚಿಕ್ಕ ಹುಡುಗಿಯ ಕಣ್ಣಿನ ಹಾಗಿತ್ತು.

"ಕಡಿದು ಹಾಕಲಿಲ್ವಾ?" ಎಂದಳು.

"ಇಲ್ಲ."

"ವೃಷಭೇಂದ್ರಪ್ಪ ಹೇಳಿರಬೇಕಲ್ಲ?"

"ಹೇಳಿದರು. ಸಹಿಯನ್ನೂ ಹಾಕ್ತೀನಿ ಅಂದರು."

"ಮತ್ತೆ ಯಾಕೆ ಕಡಿಯಲಿಲ್ಲ?"

"ನೀವು ಒಳಗಿದ್ದೀರಿ ಅಂತ ಬೀಗ ಹೇಳ್ತಾ ಇತ್ತು."

ಅವಳು ಒರೆಸುವುದನ್ನು ನಿಲ್ಲಿಸಿದಳು.

"ಮರೆತಿರಾ?" ಎಂದು ಕೇಳಿದೆ.

"ಮರೆತೆ ಅಂತ ಹೇಳಬೇಕು ಅಂತಲೇ ಇದ್ದೆ. ಸುಳ್ಳು ಹೇಳೋಕೆ ಬರ್ತಾ ಇಲ್ಲ." ನೆಲ ನೋಡುತ್ತ ಹೇಳಿದಳು. "ಶುಕ್ರವಾರ ಕೀಲಿ ಹಿಡಿದು ಪ್ಯಾನೆಲ್ ಎದುರು ನಿಂತೆ. ಇದನ್ನು ತೆಗೆದರೆ ಮುಗಿದೇ ಹೋಯ್ತಲ್ಲ ಅನ್ನಿಸಿತು. ನಿಮ್ಮ 'ಒಳ್ಳೆಯದು' ನೆನಪಾಯ್ತು, ಸಿಟ್ಟು ಬಂತು. ತಿರುಗಿ ನಡೆದೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನೋಡ್ತೀನಿ, ಕೀಲಿ ಕೈಯಲ್ಲೇ ಇದೆ. ವಾಪಸ್ ಬರಬಹುದಿತ್ತು. ಬರಲಿಲ್ಲ. ಯಾಕೆ ಅಂದರೆ ನನಗೇ ಗೊತ್ತಿಲ್ಲ. ಫೋನು ಆರಿಸಿದೆ. ಇಷ್ಟು ವರ್ಷ ಇನ್ನೊಬ್ಬರಿಗೆ ನಿಯಮ ಹೇಳಿಕೊಟ್ಟವಳು ನಾನು. ನಾಚಿಕೆ ಆಗ್ತಾ ಇದೆ."

"ನಾನು ಕಡಿದು ಹಾಕಿದ್ದರೆ?"

"ಸೋಮವಾರ ಲಿಂಗಪ್ಪನಿಗೆ ಫೋನು ಮಾಡಿ ಕೇಳ್ತಿದ್ದೆ. ಕಡಿದರು ಅಂದಿದ್ದರೆ ಎರಡು ವರ್ಷಕ್ಕೆ ಒಪ್ಪಿಕೊಳ್ತಿದ್ದೆ."

ಒಳಗಿನಿಂದ ವೆಂಕಮ್ಮನವರ ಧ್ವನಿ ಬಂತು. "ಮಾಣೀ, ನಿಂಗಳ ಗೋತ್ರ ಯಾವುದು?"

"ಅಮ್ಮಾ!" ಎಂದಳು ಶ್ರೀವಾಣಿ.

"ವಿಶ್ವಾಮಿತ್ರ," ಎಂದೆ.

"ನಮ್ಮದು ಕಾಶ್ಯಪ. ಹಾಂಗಾರೆ ಅಡ್ಡಿಲ್ಲೆ. ಕಾಫಿಗೆ ಸಕ್ಕರೆ ಎಷ್ಟು?"

ಶ್ರೀವಾಣಿ ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನಾನು ಗಾಬರಿಯಾದೆ. ಕೈ ತೆಗೆದಾಗ ಎರಡೂ ಇತ್ತು.

"ನೀವಾದರೂ ಏನಾದರೂ ಹೇಳಿ," ಎಂದಳು.

"ಏನು ಹೇಳಬೇಕು ಅಂತ ನನಗೆ ನಿಜವಾಗಿ ತಿಳಿಯುತ್ತಿಲ್ಲ ಶ್ರೀವಾಣಿ." ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದೆ. "ಬೆಳಗ್ಗೆ ದೀಪ ಹಚ್ಚುವಾಗ ಜಲಜಾಕ್ಷಿಯ ಹೆಸರು ಹೇಳುತ್ತೇನೆ. ಅದರ ಹಿಂದೆಯೇ ನಿಮ್ಮ ಹೆಸರು ಬರುತ್ತದೆ. ಅವಳನ್ನು ಮರೆಯುತ್ತಿದ್ದೇನೆಯೇ ಅಂತ ಹೆದರಿಕೆ. ಮರೆಯುತ್ತಿಲ್ಲ, ಮೊದಲಿಗಿಂತ ಹೆಚ್ಚು ನೆನಪಾಗುತ್ತಾಳೆ. ಇದು ಹೇಗೆ ಅಂತ ಅರ್ಥವಾಗುವುದಿಲ್ಲ. ಅರ್ಥವಾಗದೆ ನಿಮ್ಮನ್ನು ಕೇಳುವುದು ಸರಿಯಲ್ಲ ಅಂತ ಸುಮ್ಮನಿದ್ದೆ."

ಅವಳು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು.

"ನಾಳೆ ಬೆಳಗ್ಗೆ ಎಷ್ಟು ಗಂಟೆಗೆ ಬಸ್ಸು?" ಎಂದಳು.

ಇದು ಉತ್ತರವೋ, ಮಾತು ತಪ್ಪಿಸಿದ್ದೋ? ನಾನು ಕಾಫಿ ಕುಡಿದು, ವೆಂಕಮ್ಮನವರಿಗೆ ನಮಸ್ಕಾರ ಮಾಡಿ, ಅದೇ ಗೊಂದಲವನ್ನು ಹೊತ್ತು ಕೊಪ್ಪಕ್ಕೆ ಬಂದೆ.

ಭಾನುವಾರ ಅವಳು ಕಾರ್ಖಾನೆಗೆ ಬಂದಳು. ನೇರವಾಗಿ ವೃಷಭೇಂದ್ರಪ್ಪನವರ ಕೋಣೆಗೆ ಹೋಗಿ, "ತಪ್ಪು ನನ್ನದು ಸಾರ್," ಎಂದು ಬರೆದುಕೊಟ್ಟಳು. ಅವರು ಕಾಗದ ಓದಿ, ನನ್ನನ್ನೂ ಅವಳನ್ನೂ ನೋಡಿ, ಡ್ರಾಯರಿನೊಳಗೆ ಇಟ್ಟರು. ಅವಳು ತನ್ನ ಕೈಯಿಂದಲೇ ಬೀಗ ತೆಗೆದಳು.

ಕಂಟ್ರೋಲ್ ರೂಮಿನಲ್ಲಿ ಫ್ಯಾನನ್ನು ಒಂದು ಸಲ ಓಡಿಸಿ ನೋಡಿದೆವು. ಪರದೆಯ ಮೇಲೆ ಅಂಕಿ ಮೆಲ್ಲಗೆ ಏರತೊಡಗಿತು. ನೂರು, ಇನ್ನೂರು, ಮುನ್ನೂರು. ದೂರದಲ್ಲಿ ಗಾಳಿಯ ಸದ್ದು ಎದ್ದಿತು. ಲಿಂಗಪ್ಪ ಕುರ್ಚಿ ಬಿಟ್ಟು ಎದ್ದ.

"ನಾನು ಕ್ಲಿಂಕರ್ ಸಾಗಿಸೋ ಬೆಲ್ಟ್ ನೋಡ್ಕೊಂಡು ಬರ್ತೀನಿ," ಎಂದ.

"ಬೆಲ್ಟ್ ನಿಂತಿದೆಯಲ್ಲೋ."

"ನಿಂತಿರೋದನ್ನೇ ನೋಡ್ಕೊಂಡು ಬರ್ತೀನಿ ಮಾರಾಯ್ರೆ," ಎಂದು ಬಾಗಿಲು ಎಳೆದುಕೊಂಡು ಹೋದ.

ಇಬ್ಬರೇ ಉಳಿದೆವು. ಅವಳು ಪರದೆ ನೋಡುತ್ತಿದ್ದಳು. ನಾನು ಅವಳ ಕಿವಿಯ ಪಕ್ಕದ ನರೆಗೂದಲನ್ನು ನೋಡುತ್ತಿದ್ದೆ.

"ನಿನ್ನೆ ನೀವು ಅಷ್ಟು ಹೇಳಿದಿರಿ," ಎಂದಳು. "ಆದರೆ ನನ್ನನ್ನು ಏನೂ ಕೇಳಲೇ ಇಲ್ಲ."

"ಕೇಳಿದರೆ?"

"ಕೇಳದೆ ಹೇಗೆ ಹೇಳೋದು?"

"ರಾಜಸ್ಥಾನಕ್ಕೆ ಆರು ತಿಂಗಳಿಗೆ ಮಾತ್ರ ಒಪ್ಪಿಕೊಳ್ಳಿ," ಎಂದೆ. "ಆಮೇಲೆ ನನ್ನ ಮನೆಗೆ ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ನನ್ನನ್ನು ಮದುವೆಯಾಗುತ್ತೀರಾ?"

ಫ್ಯಾನಿನ ವೇಗ ಒಂದು ಅಂಕಿಗೆ ಬಂದು ನಿಂತಿತು. ಅವಳು ಅದನ್ನು ಪುಸ್ತಕದಲ್ಲಿ ಬರೆದಳು. ಪೆನ್ನಿನ ಮುಚ್ಚಳ ಹಾಕಿದಳು.

"ಜಲಜಾಕ್ಷಿಯವರ ಶ್ರಾದ್ಧ ಯಾವ ತಿಂಗಳು?" ಎಂದಳು.

ಈ ಪ್ರಶ್ನೆ ಏಕೆ ಬಂತೆಂದು ನನಗೆ ಹೊಳೆಯಲಿಲ್ಲ. "ಮಾಘ. ಬಹುಳ ಪಂಚಮಿ."

"ಅಷ್ಟರೊಳಗೆ ವಾಪಸ್ ಬಂದಿರ್ತೀನಿ. ಶ್ರಾದ್ಧದ ಅಡುಗೆ ನನಗೆ ಬರಲ್ಲ. ಅಮ್ಮ ಇದಾಳೆ, ಕಲಿತುಕೊಳ್ತೀನಿ. ಹೋದ ಸಲ ಯಾರು ಮಾಡಿದ್ದು?"

"ಪುರೋಹಿತರ ಮನೆಯವರು."

"ಇನ್ನು ಮೇಲೆ ನಾನು ಮಾಡ್ತೀನಿ," ಎಂದಳು.

ಒಂದು ವರ್ಷ ಮೂರು ತಿಂಗಳಿನಿಂದ ಯಾರ ಎದುರೂ ಅತ್ತವನಲ್ಲ ನಾನು. ಅಂದು ಕಣ್ಣೀರು ತಡೆಯಲಾಗಲಿಲ್ಲ. ಅವಳು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನನ್ನ ಕೈಯನ್ನು ತನ್ನ ಎರಡು ಕೈಯೊಳಗೆ ಇಟ್ಟುಕೊಂಡಳು.

"ಅವರಿಗೆ ಏನು ಇಷ್ಟ ಇತ್ತು, ಹೇಳಿ," ಎಂದಳು.

"ಹಾಗಲಕಾಯಿ," ಎಂದೆ. "ಬೆಲ್ಲ ಹಾಕಬಾರದು. ಕಹಿ ಹಾಗೆಯೇ ಇರಬೇಕು ಅನ್ನುತ್ತಿದ್ದಳು."

"ಮತ್ತೆ?"

ನಾನು ಹೇಳುತ್ತ ಹೋದೆ.